ಈಜು ಬಾರದವರು ಮಳೆಗಾಲದ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಬಹುದಾ?

ಜುಲೈನಲ್ಲಿ ಆಫೀಸಿನವರ ಜೊತೆ ದಕ್ಷಿಣ ಕೊಡಗಿಗೆ ಹೋಗುತ್ತಿದ್ದೀರಿ. ಉಳಿದವರೆಲ್ಲ ಬರಪೊಳೆಯಲ್ಲಿ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ನೀರಿಗಿಳಿಯುವುದು, ಮಾಡೇ ಮಾಡ್ತೀವಿ ಅಂತಿದ್ದಾರೆ. ನಿಮಗೆ ಈಜು ಬರಲ್ಲ, ನೀರು ಕಂಡರೆ ಎದೆ ಢವಗುಟ್ಟುತ್ತದೆ. ಹೋಗಲಾ ಬೇಡವಾ ಅಂತ ಕೇಳಿದ್ದೀರಿ.

ಹೋಗಬಹುದು. ನನಗೂ ಈಜು ಬರಲ್ಲ, ನಾನು ಹೋಗಿ ಬಂದಿದ್ದೇನೆ. ಹಾಗಂತ "ಏನೂ ಆಗಲ್ಲ, ಸುಮ್ನೆ ಧೈರ್ಯ ಮಾಡಿ" ಅಂತ ಹೇಳಲಾರೆ. ಆ ಹೊಳೆಗೆ ಹೆದರುವುದು ಸರಿಯಾದದ್ದೇ. ನೀರಿಗೆ ಬಿದ್ದರೆ ಏನು ಮಾಡಬೇಕು ಅನ್ನುವುದು ಮೊದಲೇ ಮೈಗೆ ಗೊತ್ತಾಗಿಬಿಟ್ಟರೆ ಮಾತ್ರ ಆ ಹೆದರಿಕೆ ಹತೋಟಿಗೆ ಬರುತ್ತದೆ. ನನಗೆ ಆದದ್ದು ಹಾಗೆ.

ಮೊದಲು ಹೊಳೆಯ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ರಾಫ್ಟಿಂಗ್ ನಡೆಯುತ್ತದೆ. ಬರಪೊಳೆ ಹಾಗಲ್ಲ, ಇಲ್ಲಿ ಮಳೆಯೇ ಆಧಾರ. ಬ್ರಹ್ಮಗಿರಿ ಬೆಟ್ಟದ ಕಾಡಲ್ಲಿ ಬಿದ್ದ ಮಳೆ ನೇರ ಹೊಳೆಗಿಳಿದು ಕೇರಳದ ಕಡೆ ಓಡುತ್ತದೆ. ಅದಕ್ಕೇ ಸೀಸನ್ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ. ಮೇಲೆ ಜೋರು ಮಳೆ ಹೊಡೆದರೆ ಬೆಳಿಗ್ಗೆ ನೋಡಿದ ಹೊಳೆ ಮಧ್ಯಾಹ್ನ ಬೇರೆಯೇ ಹೊಳೆ ಆಗಿರುತ್ತದೆ. ನೀರಿನ ಆರ್ಭಟವನ್ನು ಗ್ರೇಡ್ 1ರಿಂದ 6ರವರೆಗೆ ಅಳೆಯುತ್ತಾರೆ. ಇಲ್ಲಿನ ಇಳಿತಗಳು, ಅಂದರೆ ನೀರು ಬಂಡೆಗಳ ನಡುವೆ ರಭಸವಾಗಿ ಇಳಿಯುವ ಜಾಗಗಳು, ನೀರಿನ ಮಟ್ಟ ನೋಡಿಕೊಂಡು 2ರಿಂದ 4ರ ಆಸುಪಾಸು ಇರುತ್ತವೆ. ಅವಕ್ಕೆ ಮಾರ್ನಿಂಗ್ ಕಾಫಿ, ಗ್ರಾಸ್‌ಹಾಪರ್, ವಿಕೆಡ್ ವಿಚ್, ಬಿಗ್ ಬ್ಯಾಂಗ್ ಅಂತೆಲ್ಲ ಹೆಸರಿವೆ. ಹೆಸರು ಕೇಳಿಯೇ ಹೆದರಬೇಡಿ. ಕಾಫಿ ಅಂತ ಇದೆಯಲ್ಲ ಅಂತ ಹಗುರವಾಗಿಯೂ ತಗೋಬೇಡಿ.

ದಡಕ್ಕೆ ಹೋಗುವಾಗ ಜೀಪಿನಲ್ಲಿ ಕಾಫಿ ತೋಟ ದಾಟಿ ಇಳಿಯುತ್ತೀರಿ. ಹೊಳೆ ಕಾಣುವ ಮೊದಲೇ ಸದ್ದು ಕೇಳಿಸುತ್ತದೆ. ನನಗೆ ಅತಿ ಹೆಚ್ಚು ಭಯ ಆಗಿದ್ದು ಅಲ್ಲೇ, ಜೀಪಿನಲ್ಲಿ ಕೂತಿದ್ದಾಗ. ನೀರಲ್ಲಿ ಅಷ್ಟು ಆಗಲಿಲ್ಲ.

ದಡದಲ್ಲಿ ಲೈಫ್ ಜಾಕೆಟ್ ಹಾಕಿಸಿದ ಮೇಲೆ ಗೈಡ್ ಹುಡುಗ ಎದುರಿಗೆ ನಿಂತು, ನನ್ನ ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆದ. ಜಾಕೆಟ್ ಕಿವಿವರೆಗೆ ಬಂತು. "ಅಕ್ಕಾ, ನೀರಲ್ಲಿ ಇದು ಹೀಗೇ ಏರುತ್ತೆ, ಆಗ ಮುಖ ಒಳಗೆ ಹೋಗುತ್ತೆ" ಅಂತ ಹೇಳಿ, ಪಕ್ಕದ ಬಕಲ್‌ಗಳನ್ನೆಲ್ಲ ಒಂದೊಂದಾಗಿ ಬಿಗಿದ. ಮತ್ತೆ ಎಳೆದ. ಈ ಸಲ ಜಾಕೆಟ್ ಬರಲಿಲ್ಲ, ನಾನೇ ತುದಿಗಾಲಲ್ಲಿ ನಿಂತೆ. ಎಳೆದರೂ ಮೇಲೆ ಬರದಷ್ಟು ಬಿಗಿ ಇರಬೇಕು, ಆದರೆ ಉಸಿರಾಡಲು ಕಷ್ಟ ಆಗಬಾರದು. ನಿಮ್ಮ ಜಾಕೆಟ್ಟನ್ನು ಯಾರೂ ಹೀಗೆ ಎಳೆದು ನೋಡದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ.

ಅದಾದ ಮೇಲೆ ಇನ್ನೂ ಒಂದು ಕೆಲಸ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅದೇ. ಶುರುವಿನಲ್ಲಿ ಎಲ್ಲಾದರೂ ನೀರು ನಿಧಾನ ಇರುವ ಜಾಗ ಸಿಕ್ಕರೆ ನನ್ನನ್ನು ಅಲ್ಲಿ ನೀರಿಗಿಳಿಸಿ ಅಂತ ಗೈಡ್‌ಗೆ ಹೇಳಿ. ನಾನು ರಾಫ್ಟಿನ ಅಂಚಿನ ಹಗ್ಗ ಹಿಡಿದೇ ಇಳಿದೆ, ಬಹಳ ಹೊತ್ತು ಕೈ ಬಿಡಲಿಲ್ಲ. ಕೊನೆಗೆ ಬಿಟ್ಟೆ. ಒಂದು ಗುಟುಕು ನೀರು ಮೂಗಿಗೆ ಹೋಯಿತು. ಆಮೇಲೆ ಜಾಕೆಟ್ ತಾನಾಗಿ ಎದೆ ಎತ್ತಿ ಹಿಡಿಯಿತು. ಮಳೆ ಮುಖದ ಮೇಲೆ ಬೀಳುತ್ತಿತ್ತು, ಮೇಲೆ ಎರಡೂ ದಡದ ಮರಗಳು ಹೆಚ್ಚುಕಮ್ಮಿ ಕೂಡಿಕೊಂಡಿದ್ದವು. ಮುಳುಗುವುದಿಲ್ಲ ಅಂತ ಎಷ್ಟು ಜನ ಹೇಳಿದ್ದರೂ ನಂಬದ ಮೈ ಆಗ ನಂಬಿತು. ಅಲ್ಲಿಂದ ಮುಂದೆ ನಾನು ಹುಟ್ಟು ಹಾಕಿದ ರೀತಿಯೇ ಬೇರೆ.

ಬಿದ್ದರೆ ಏನು ಮಾಡಬೇಕು? ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ಬಂಡೆ ಎದುರಾದರೆ ತಲೆಗಿಂತ ಮೊದಲು ಕಾಲು ತಾಗಲಿ. ಓಡುವ ನೀರಲ್ಲಿ ಯಾವತ್ತೂ ಎದ್ದು ನಿಲ್ಲಬೇಡಿ, ಮೊಣಕಾಲುದ್ದ ಅಂತ ಕಂಡರೂ ಬೇಡ. ಎರಡು ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ನೀರು ಹಿಂದಿನಿಂದ ನೂಕಿ ಮುಖ ಅಡಿಯಾಗಿ ಕೆಡವುತ್ತದೆ, ಈಜುಗಾರರೂ ಏಳಲಾರರು. ಮಳೆಕಾಡಿನ ಹೊಳೆಯಲ್ಲಿ ಇನ್ನೊಂದು ಅಪಾಯ ಅಡ್ಡ ಬಿದ್ದ ಮರ. ನೀರು ಕೊಂಬೆಗಳ ನಡುವೆ ತೂರಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಹಾಗೆ ಮರ ಕಂಡರೆ ಮಾತ್ರ ಮಲಗಿರಬೇಡಿ, ಬೋರಲು ತಿರುಗಿ ಕೈ ಬಡಿದು ಪಕ್ಕಕ್ಕೆ ಸರಿಯಲು ನೋಡಿ. ಹಗ್ಗ ಎಸೆದರೆ ಎದೆಗವಚಿ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ.

ರಾಫ್ಟಿನ ಒಳಗಂತೂ ಗೈಡ್ "ಫಾರ್ವರ್ಡ್" ಅಂದಾಗ ಹುಟ್ಟು ಹಾಕುತ್ತಲೇ ಇರಿ. ಭಯವಾದಾಗ ಕೈ ನಿಲ್ಲಿಸಬೇಕು ಅನ್ನಿಸುತ್ತದೆ, ಆದರೆ ನೀರನ್ನು ಒತ್ತುತ್ತಿರುವ ಹುಟ್ಟೇ ನಿಮ್ಮನ್ನು ಕೂರಿಸಿ ಇಡುತ್ತದೆ. ಹುಟ್ಟಿನ ತುದಿಯ ಹಿಡಿಕೆಯಿಂದ ಕೈ ತೆಗೆಯಬೇಡಿ, ಅದು ತಗುಲಿ ಪಕ್ಕದವರ ಹಲ್ಲು ಹೋಗಬಹುದು. "ಗೆಟ್ ಡೌನ್" ಅಂದರೆ ಮಾತ್ರ ಒಳಗೆ ಕೂತುಬಿಡಿ. ಬಿಗ್ ಬ್ಯಾಂಗ್ ಹೇಗಿತ್ತು ಅಂತ ಜನ ಕೇಳುತ್ತಾರೆ. ರಾಫ್ಟಿನ ಮೂತಿ ಕೆಳಗೆ ಹೋಯಿತು, ಎಲ್ಲ ಬೆಳ್ಳಗಾಯಿತು, ಉಸಿರು ತಗೊಂಡಾಗ ಇಳಿತ ದಾಟಿ ಹೊರಗೆ ಇದ್ದೆವು. ಅಷ್ಟೇ ನೆನಪು. ನಂತರ ಕಿರುಚಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಅಂಥ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬೇಡ ಅನ್ನಬೇಕಾದ ಸಂದರ್ಭಗಳೂ ಇವೆ. ಆ ದಿನ ಜಿಲ್ಲಾಡಳಿತ ನಿಲ್ಲಿಸಿದ್ದರೆ, "ಬೇರೆ ಜಾಗದಿಂದ ಇಳಿಸ್ತೀವಿ" ಅನ್ನುವವರ ಮಾತು ಕೇಳಬೇಡಿ. ರಾಫ್ಟಿಗೆ ಹಿಡಿಸುವುದಕ್ಕಿಂತ ಜಾಸ್ತಿ ಜನ ತುಂಬಿದರೆ ಇಳಿದುಬಿಡಿ. ಜೊತೆಯಲ್ಲಿ ಕಾಪಾಡಲು ಕಯಾಕ್ (ಒಬ್ಬರು ಕೂರುವ ಪುಟ್ಟ ದೋಣಿ) ಇಲ್ಲದಿದ್ದರೆ, ಎಸೆಯುವ ಹಗ್ಗ ಇಲ್ಲದಿದ್ದರೆ ಹೋಗಬೇಡಿ. ಹೃದಯದ ತೊಂದರೆ, ಫಿಟ್ಸ್, ಹೊಸ ಆಪರೇಷನ್, ಬಸಿರು, ಇದ್ಯಾವುದಾದರೂ ಇದ್ದರೆ ಯೋಚನೆಯೇ ಬೇಡ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಹಿಂದೆ ಕಟ್ಟುವ ಚಪ್ಪಲಿ ಅಥವಾ ಹಳೇ ಶೂ ಹಾಕಿಕೊಳ್ಳಿ, ಜೀನ್ಸ್ ಬೇಡ, ಕನ್ನಡಕಕ್ಕೆ ದಾರ ಇರಲಿ. ಜಿಗಣೆ ಹತ್ತೇ ಹತ್ತುತ್ತದೆ, ಒಂದಿಷ್ಟು ಉಪ್ಪು ಇಟ್ಟುಕೊಂಡರೆ ಸಾಕು. ಹಾಂ, ನಿಮ್ಮ ಗುಂಪಿನಲ್ಲಿ ರಾತ್ರಿಯೆಲ್ಲ ಕುಡಿದು ಬೆಳಿಗ್ಗೆ ಬಂದವರಿದ್ದರೆ ಅವರಿರುವ ರಾಫ್ಟ್ ಹತ್ತಬೇಡಿ. ಗೈಡ್‌ಗೆ ಹೇಳಿ ಬೇರೆಯದರಲ್ಲಿ ಕೂತುಕೊಳ್ಳಿ.