ಗೌಳಿಗರು ಕಾಡಿನಲ್ಲಿದ್ದುಕೊಂಡು ವ್ಯಾಪಾರ ಹೇಗೆ ಮಾಡುತ್ತಿದ್ದರು?

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಮುಂಡಗೋಡ ಕಾಡಿನಲ್ಲಿ ಎಮ್ಮೆ ಕಾಯ್ದುಕೊಂಡು ಅಲೆಯುತ್ತಿದ್ದ ಗೌಳಿಗರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು, ಊರಿನವರ ಜೊತೆ ಅವರಿಗೆ ಸಂಬಂಧ ಇತ್ತೇ ಎಂದು ಕೇಳಿದ್ದೀರಿ. ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಖಂಡಿತ ಇತ್ತು, ಅದೂ ಎರಡೂ ಕಡೆಯವರಿಗೆ ಬೇಕಾದ ಸಂಬಂಧ.

ಇವರು ಮಹಾರಾಷ್ಟ್ರದ ಸಹ್ಯಾದ್ರಿಯಿಂದ ಮೇವು ಹುಡುಕುತ್ತ ದಕ್ಷಿಣಕ್ಕೆ ಇಳಿದ ದನಗರ ಗೌಳಿಗಳು. ಮನೆಯಲ್ಲಿ ಮರಾಠಿಯ ಒಂದು ಬಗೆ, ಪೇಟೆಯಲ್ಲಿ ಕನ್ನಡ. ಕಾಡಂಚಿನಲ್ಲಿ ನಾಲ್ಕಾರು ಮನೆಗಳ ದಡ್ಡಿ. ಮೇವು, ನೀರು ಮುಗಿದರೆ ದಡ್ಡಿಯನ್ನೇ ಎಬ್ಬಿಸಿಕೊಂಡು ಮುಂದಕ್ಕೆ. ಹಾಲನ್ನು ಕಾಡಿನಿಂದ ಪೇಟೆಗೆ ಹೊರುವಷ್ಟರಲ್ಲಿ ಕೆಡುತ್ತದೆ, ಬೆಣ್ಣೆ ಅಷ್ಟು ಬೇಗ ಕೆಡುವುದಿಲ್ಲ. ಹಾಗಾಗಿ ಹೆಂಗಸರು ಮೊಸರು ಕಡೆದು, ಬೆಣ್ಣೆ ತಲೆ ಮೇಲೆ ಹೊತ್ತು ಬಂದು ಅದಕ್ಕೆ ಬದಲಾಗಿ ಕಾಳುಕಡಿ ಒಯ್ಯುತ್ತಿದ್ದರು. ಮಜ್ಜಿಗೆ ಮಾತ್ರ ಮನೆಮಂದಿಗೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಸಹ್ಯಾದ್ರಿಯಲ್ಲಿ ಇಂಥದೇ ಹೊಂದಾಣಿಕೆ ಗಮನಿಸಿದ್ದರು: ಕಣಿವೆಯ ಕುಣಬಿಗಳು ಸಾಗುವಳಿ, ಬೇಟೆ ಎರಡೂ ಮಾಡಿದರೆ, ಮೇಲಿನ ಗುಡ್ಡದ ಗೌಳಿಗರು ಬೇಟೆಗೆ ಹೋಗುತ್ತಿದ್ದದ್ದು ಕಡಿಮೆ. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ.

ಎಲ್ಲರೂ ಹಾಲು-ಬೆಣ್ಣೆಯ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮ ಕಡೆ ದೊಡ್ಡ ವ್ಯವಹಾರ ಗೊಬ್ಬರದ್ದು. ಅಡಿಕೆ ಮರದ ಬುಡಕ್ಕೆ ಬೆಟ್ಟದ ಸೊಪ್ಪು ಹಾಕಿದರಷ್ಟೇ ಸಾಲದು, ಕೊಟ್ಟಿಗೆ ಗೊಬ್ಬರವೂ ಬೇಕು, ಅಷ್ಟು ದನ ತೋಟಿಗರ ಮನೆಯಲ್ಲಿ ಎಲ್ಲಿ? ಹಗಲೆಲ್ಲ ಕಾಡಿನಲ್ಲಿ ಮೇದ ಎಮ್ಮೆ ರಾತ್ರಿ ದಡ್ಡಿಗೆ ಬಂದು ಹಾಕಿದ ಸಗಣಿ ತಿಂಗಳುಗಟ್ಟಲೆ ಗುಂಡಿಯಲ್ಲಿ ಕಳಿತು, ಕಪ್ಪಗೆ ಪುಡಿಪುಡಿಯಾಗಿ ಗಾಡಿ ಏರುತ್ತಿತ್ತು. ಈಗ ಟ್ರ್ಯಾಕ್ಟರ್ ಬರುತ್ತದೆ. ಆದರೆ ಮಳೆಗಾಲದಲ್ಲಿ ಸಾಹುಕಾರರ ಹತ್ತಿರ ಮುಂಗಡ ತಿಂದ ಗೌಳಿಗರ ಮನೆಗೆ ಆಮೇಲೆ ದರ ಕೇಳುವ ಬಾಯಿ ಇರುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಈಗ ಮೇಯುವ ಜಾಗದಲ್ಲಿ ಅಕೇಶಿಯಾ ನೆಟ್ಟಿದ್ದಾರೆ, ಎಮ್ಮೆ ಕಡಿಮೆಯಾಗಿದೆ, ಹುಡುಗರು ಗೋವಾಕ್ಕೆ ಕೂಲಿಗೆ ಹೋಗುತ್ತಾರೆ. ನನಗೆ ಹೆಚ್ಚು ಸಂಕಟವಾಗುವುದು 2006ರ ಅರಣ್ಯ ಹಕ್ಕು ಕಾಯ್ದೆಯ ವಿಷಯದಲ್ಲಿ. ಇದೇ ಜಿಲ್ಲೆಯ ಕಾಡಿನ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಗೌಳಿಗರು ಇನ್ನೂ ಸೇರಿಲ್ಲ. ಹಾಗಾಗಿ ಆ ಕಾಯ್ದೆಯಡಿ ಹಕ್ಕು ಬೇಕೆಂದರೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಅಲ್ಲೇ ಬದುಕಿದ್ದಕ್ಕೆ ಅವರು ಸಾಕ್ಷಿ ಕೊಡಬೇಕು. ಮೇವಿನ ಹಿಂದೆ ದಡ್ಡಿ ಬದಲಿಸುತ್ತಲೇ ಬಂದವರ ಹತ್ತಿರ ಯಾವ ಕಾಗದ ಇರುತ್ತದೆ ಹೇಳಿ? ಅವರ ಗೊಬ್ಬರ ಕೊಂಡ ತೋಟದ ಮನೆಗಳ ಹಿರಿಯರು ಗ್ರಾಮಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು. ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಪರಿಗಣಿಸಲು ನಿಯಮದಲ್ಲಿ ಅವಕಾಶ ಇದೆ.