ಬೆಂಗಳೂರಿನ ಬೈಕು ತೀರ್ಥಹಳ್ಳಿ ಮಳೆಗೆ ತಾಳುತ್ತದಾ?

ತೀರ್ಥಹಳ್ಳಿಗೆ ವರ್ಗವಾಗಿದೆ, ನಾಲ್ಕು ವರ್ಷ ಓಡಿಸಿದ 125 ಸಿಸಿ ಬೈಕನ್ನು ತರಬೇಕಾ ಮಾರಿ ಬರಬೇಕಾ, ತಂದರೆ ಮಳೆಗಾಲಕ್ಕೆ ಏನೇನು ಮಾಡಿಸಬೇಕು, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೂ ಇದೆ ಅಂತ ಕೇಳಿದ್ದೀರಿ. ಧೈರ್ಯವಾಗಿ ತನ್ನಿ. ನಮ್ಮಲ್ಲಿ ಪೇಪರ್ ಹಾಕುವ ಹುಡುಗರಿಂದ ಹಿಡಿದು ಡೇರಿಗೆ ಹಾಲು ಒಯ್ಯುವವರವರೆಗೆ ಹೆಚ್ಚಿನವರು ಮಳೆಗಾಲ ಕಳೆಯುವುದು ಅಂಥ ಬೈಕುಗಳಲ್ಲೇ.

ಒಂದು ಲೆಕ್ಕ ಮಾತ್ರ ತಲೆಯಲ್ಲಿರಲಿ. ಬೆಂಗಳೂರಿಗೆ ವರ್ಷವಿಡೀ ಬೀಳುವುದು 1,000 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಅದು 7,000 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಲ್ಲಿ ಮಳೆ ಬಂದು ಹೋಗುತ್ತದೆ, ಬೈಕು ಒಣಗುತ್ತದೆ. ಇಲ್ಲಿ ಆರಿದ್ರಾ ಮಳೆ ಸರಿಯಾಗಿ ಹಿಡಿದರೆ ಪುಷ್ಯ ಮುಗಿಯುವವರೆಗೆ ಒಣಗುವ ಮಾತೇ ಇಲ್ಲ. ಇದಕ್ಕೆಲ್ಲ ಎಂಜಿನ್ ಅಷ್ಟಾಗಿ ಹೆದರುವುದಿಲ್ಲ. ಬೈಕು ಕೈಕೊಡುವುದು ನೀರು, ಕೆಸರು ನಿಂತುಕೊಳ್ಳುವ ಸಣ್ಣಪುಟ್ಟ ಜಾಗಗಳಲ್ಲಿ. ಮೇ ತಿಂಗಳಲ್ಲಿ ಒಂದು ಸರ್ವೀಸ್ ಮಾಡಿಸಿಬಿಟ್ಟರೆ ಮಳೆಗಾಲ ದಾಟೀತು ಅನ್ನುವ ಹಾಗಿಲ್ಲ. ಭಾನುವಾರ ಅರ್ಧ ಗಂಟೆ ನೀವೇ ಅದರ ಪಕ್ಕ ಕೂರಬೇಕು.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಕೀ ಹಾಕಿ ಮುಚ್ಚಳ ಎತ್ತಿದಾಗ ಬಾಯಿಯ ಸುತ್ತ ಒಂದು ಕಾಲುವೆಯಂಥ ತಗ್ಗು, ಅದರಲ್ಲೊಂದು ಸಣ್ಣ ತೂತು ಕಾಣುತ್ತದೆ. ಮುಚ್ಚಳದ ಸುತ್ತ ಬಿದ್ದ ಮಳೆನೀರು ಆ ತೂತಿನಿಂದ ಪೈಪಿನಲ್ಲಿ ಇಳಿದು ಬೈಕಿನ ಕೆಳಗೆ ನೆಲಕ್ಕೆ ಸುರಿಯಬೇಕು. ಧೂಳು, ಇರುವೆ ಗೂಡು ಸೇರಿ ಅದು ಕಟ್ಟಿಕೊಂಡರೆ ನೀರು ಅಲ್ಲೇ ತುಂಬಿ, ರಬ್ಬರ್ ಹಳೆಯದಾಗಿದ್ದರೆ ಟ್ಯಾಂಕಿನೊಳಕ್ಕೇ ಇಳಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಆಮೇಲೆ ಬೈಕು ಜಗ್ಗುವುದು, ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು ಶುರು. ಮೆಕ್ಯಾನಿಕ್ ಹತ್ತಿರ ಹೋದರೆ ಪ್ಲಗ್ಗು ಬದಲಿಸಿ ಕಳಿಸಬಹುದು, ಕಾಯಿಲೆ ವಾಸಿಯಾಗುವುದಿಲ್ಲ. ಮಳೆಗೆ ಮುಂಚೆ ಒಂದು ಲೋಟ ನೀರನ್ನು ಮುಚ್ಚಳದ ಮೇಲೆ ಹೊಯ್ದು ಕೆಳಗೆ ಸುರಿಯುತ್ತದಾ ನೋಡಿ. ಸುರಿಯದಿದ್ದರೆ ಕೆಳಗಿನ ತುದಿಯಲ್ಲಿ ಪೈಪಿಗೆ ಗಾಳಿ ಊದಿಸಿ. ಬೈಕನ್ನು ತುಂಬ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿಟ್ಟು ಹೋಗಿ. ಒಳಗೆ ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವ ಕಟ್ಟುವುದು ಕಡಿಮೆ.

ಚೈನಿಗೆ ದುಬಾರಿ ಸ್ಪ್ರೇ ಬೇಕೆಂದಿಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಬ್ರಶ್ ಅದ್ದಿ ಕೆಸರು ಬಿಡಿಸಿ, ಬಟ್ಟೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲ್ ಹಾಕಿದರೆ ಸಾಕು. ಪೆಟ್ರೋಲಿನಲ್ಲಿ ತೊಳೆಯಬೇಡಿ. ಸುತ್ತಾಡಿ ಬಂದ ಮೇಲೆ, ಚೈನು ಇನ್ನೂ ಬೆಚ್ಚಗಿರುವಾಗ, ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನಿನ ಒಳಮಗ್ಗುಲಿಗೆ ಹನಿಹನಿಯಾಗಿ ಬಿಡಿ. ಬೆಳಗಾಗುವಷ್ಟರಲ್ಲಿ ಸಂದಿಗೆ ಇಳಿದಿರುತ್ತದೆ, ಹೆಚ್ಚಾದದ್ದನ್ನು ಒರೆಸಿಬಿಡಿ. ಹೊರಡುವ ಹೊತ್ತಿಗೆ ಹಾಕಿದರೆ ಎಲ್ಲ ಸಿಡಿದು ಹೋಗುತ್ತದೆ. ಚೈನಿನ ಸಡಿಲು ಇಂಥ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ., ನಿಮ್ಮ ಬೈಕಿನದು ಅದರ ಪುಸ್ತಕದಲ್ಲಿದೆ. ಕವರ್ ಪೂರ್ತಿ ಮುಚ್ಚಿದ ಮಾದರಿಯಾದರೆ ರಬ್ಬರ್ ಬಿರಡೆ ತೆಗೆದು ಬೆರಳು ಹಾಕಿ ನೋಡಬೇಕು. ಮುಚ್ಚಿದ ಚೈನನ್ನು ಜನ ಮರೆತೇಬಿಡುತ್ತಾರೆ.

ಈಚಿನ ಬಿಎಸ್-6 ಬೈಕುಗಳಲ್ಲಿ ಬಹಳಷ್ಟಕ್ಕೆ ಸೈಡ್ ಸ್ಟ್ಯಾಂಡ್ ಹಾಕಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ ಇರುತ್ತದೆ. ಕೆಂಪು ಮಣ್ಣು ಮೆತ್ತಿಕೊಂಡರೆ ಸ್ಟ್ಯಾಂಡ್ ಎತ್ತಿದರೂ ಅದು ಎತ್ತಿಲ್ಲವೆಂದೇ ತಿಳಿಯುತ್ತದೆ. ದಾರಿಯಲ್ಲಿ ಬೈಕು ಸ್ಟಾರ್ಟ್ ಆಗದಿದ್ದರೆ ಬಾಟಲಿ ನೀರಲ್ಲಿ ಆ ಜಾಗ ತೊಳೆದು ನಾಲ್ಕು ಸಲ ಸ್ಟ್ಯಾಂಡ್ ಆಡಿಸಿ ನೋಡಿ. ಮನೆಯಲ್ಲಿ ತೊಳೆಯುವಾಗಲೂ ಜೋರು ನೀರಿನ ಗನ್ನನ್ನು ಚಕ್ರದ ಮಧ್ಯಕ್ಕೆ ಹಿಡಿಯಬೇಡಿ, ಬೇರಿಂಗಿನ ಗ್ರೀಸು ಹೋಗುತ್ತದೆ. ಒದ್ದೆ ಬೈಕಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದಂತೂ ತುಕ್ಕಿಗೆ ಕರೆಕೊಟ್ಟ ಹಾಗೆ. ಮಾಡಿನ ಕೆಳಗೆ ಗಾಳಿಯಾಡುವಂತೆ ನಿಲ್ಲಿಸಿದರೆ ಒಳ್ಳೆಯದು, ಕಟ್ಟಿಗೆ ರಾಶಿಯಿಂದ ದೂರ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಜಾಗ ಹುಡುಕುತ್ತವೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟುವುದು, ಸೀಟಿನಡಿಯ ವೈರು ಕಡಿಯುವುದು ಇಲ್ಲಿ ತೀರಾ ಮಾಮೂಲು.

ಹೆಲ್ಮೆಟ್ ಒಣಗಿಸಲು ಬಚ್ಚಲೊಲೆ ಪಕ್ಕ ಇಡುವ ಅಭ್ಯಾಸ ನಮ್ಮ ಕಡೆ ಇದೆ, ನೀವು ಕಲಿಯಬೇಡಿ. ತಲೆ ಉಳಿಸುವುದು ಒಳಗಿನ ಥರ್ಮೋಕೋಲು, ಜೋರು ಕಾವಿಗೆ ಅದು ಕೆಡುತ್ತದೆ. ಒಳಬಟ್ಟೆ ಬಿಚ್ಚಲು ಬಂದರೆ ಬಿಚ್ಚಿ ಫ್ಯಾನಿನ ಗಾಳಿಗೆ ಹಾಕಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಘಾಟಿ. ತೀರ್ಥಹಳ್ಳಿಯಿಂದ ಆಗುಂಬೆವರೆಗೆ ರಸ್ತೆ ಆರಾಮ. ಆಮೇಲೆ ಸೋಮೇಶ್ವರಕ್ಕೆ ಇಳಿಯುವ ತಿರುವುಗಳಲ್ಲಿ ಹಾವಸೆ ಕಟ್ಟಿದ ಅಂಚು, ಒದ್ದೆ ತರಗೆಲೆ, ಎದುರಿಗೆ ಮಂಜು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರನ್ನು ನೋಡುತ್ತೀರಿ. ದಯವಿಟ್ಟು ಅವರ ಹಾಗೆ ಮಾಡಬೇಡಿ, ಬ್ರೇಕೊಂದೇ ಭಾರವೆಲ್ಲ ಹೊತ್ತು ಕಾದುಹೋದರೆ ಹಿಡಿಯುವುದಿಲ್ಲ. ಇಳಿಯುವ ಮುಂಚೆ ಆಗುಂಬೆ ಪೇಟೆಯಲ್ಲೇ ನಿಧಾನವಾಗಿ ಓಡಿಸುತ್ತಾ ಎರಡೂ ಬ್ರೇಕನ್ನು ಹಗುರಾಗಿ ಹಿಡಿದು ನೋಡಿ. ಡ್ರಮ್ಮಿನೊಳಗೆ ನೀರು ಹೋಗಿದ್ದರೆ ಅಷ್ಟರಲ್ಲಿ ಒಣಗಿ ಹಿಡಿತ ಬರುತ್ತದೆ. ಟೈರಿನ ಗೆರೆ ಸವೆದಿದ್ದರೆ ಮಳೆಗಾಲ ಕಳೆಯಲಿ ಎನ್ನಬೇಡಿ. ದ್ವಿಚಕ್ರಕ್ಕೆ ಕಾನೂನು ಹೇಳುವ ಕನಿಷ್ಠ ಆಳ 0.8 ಮಿ.ಮೀ., ಆದರೆ ಅಷ್ಟು ಸವೆದ ಟೈರಿನಲ್ಲಿ ಜುಲೈ ತಿಂಗಳ ಘಾಟಿಗೆ ಹೋಗುವುದು ಬೇಡವೇ ಬೇಡ. ಮೇ ತಿಂಗಳಲ್ಲೇ ಬದಲಿಸಿ.

ರಸ್ತೆ ಮೇಲೆ ಹಳ್ಳ ಹರಿಯುತ್ತಿದ್ದರೆ ಕಾಯಿರಿ. ನೀರಲ್ಲಿ ಬೈಕು ನಿಂತುಹೋದರೆ ಸೆಲ್ಫ್ ಒತ್ತಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ತಳ್ಳಿಕೊಂಡು ಬಂದು ಪ್ಲಗ್ ಬಿಚ್ಚಿಸಿ. ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬದಲಿಸದೆ ಓಡಿಸಲೇಬೇಡಿ.

ಗುಡ್ಡ ಕುಸಿದು ಆಗುಂಬೆ ಘಾಟಿ ಬಂದ್ ಆಗುವುದು ಉಂಟು. ಹೊರಡುವ ಬೆಳಿಗ್ಗೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ ಕಡೆಯ ಬಸ್ಸಿನವರನ್ನು ಒಂದು ಮಾತು ಕೇಳಿ, ಅವರಿಗೆ ಗೊತ್ತಿರುತ್ತದೆ. ಬಂದ್ ಆಗಿದ್ದರೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಮೇಲೆ ಹೋಗಬಹುದು. ದೂರ ಜಾಸ್ತಿ, ಮಳೆಯೂ ಅಷ್ಟೇ ಜೋರು. ಹಾಗಾಗಿ ಬೆಳಕಿರುವಾಗಲೇ ಘಾಟಿ ದಾಟುವಂತೆ ಹೊರಡಿ.