ನಾಲ್ಕನೇ ಬಾಟಲ್‌ಗೇ ನಾಲಿಗೆ ಸುಸ್ತಾದ್ರೆ

ವೈನ್ ಟೇಸ್ಟಿಂಗ್‌ಗೆ ಅಂತ 10 ಜನ ಒಂದೊಂದು ಬಾಟಲ್ ತಂದ್ರಿ, ನಾಲ್ಕನೇದರ ಹೊತ್ತಿಗೆ ಎಲ್ಲಾ ಒಂದೇ ಥರ ಅನ್ನಿಸ್ತು ಅಂದ್ರಲ್ಲ, ಅದು ಬಹುಶಃ ವೈನ್ ತಪ್ಪಲ್ಲ, ಕೊಟ್ಟ ಕ್ರಮ ಮತ್ತೆ ಜೊತೆಗಿದ್ದ ಖಾರದ ಊಟದ್ದು. ಗಟ್ಟಿ ರೆಡ್ ಮೊದಲು ಕುಡಿದ್ಮೇಲೆ ತೆಳು ವೈಟ್ ನೀರಿನ ಥರಾನೇ ಇರುತ್ತೆ, ಖಾರ ಬೇರೆ ಸೇರಿದ್ರೆ ಆಲ್ಕೋಹಾಲ್ ಉರಿ, ಟ್ಯಾನಿನ್ (ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಅಂಶ) ಒಗರು ಎರಡೂ ಜಾಸ್ತಿ ಆಗುತ್ತೆ.

ಈ ಸಲ ಇಬ್ಬರಿಗೆ ಒಂದು ಅಂತ 5 ಬಾಟಲ್ ಸಾಕು. ಒಬ್ಬೊಬ್ಬರಿಗೆ 50 ಎಂಎಲ್ ಹಾಕಿ, 750 ಎಂಎಲ್ ಬಾಟಲಲ್ಲಿ 15 ಸಲ ಬರುತ್ತೆ, ಮಿಕ್ಕಿದ್ದು ಊಟಕ್ಕೆ.

ಕ್ರಮ ಇದು: ಸ್ಪಾರ್ಕ್ಲಿಂಗ್ (ಗುಳ್ಳೆ ಬರೋ ವೈನ್), ತೆಳು ವೈಟ್, ಆಮೇಲೆ ಪಿನೋ ನ್ವಾರ್ ಥರದ ಹಗುರ ರೆಡ್, ಗಟ್ಟಿ ರೆಡ್, ಕೊನೆಗೆ ಸಿಹಿ ವೈನ್. ವೈಟ್ 8ರಿಂದ 12 ಡಿಗ್ರಿ, ರೆಡ್ 16ರಿಂದ 18 ಡಿಗ್ರಿ ಇರ್ಲಿ, ರೂಮ್ ಬೆಚ್ಚಗಿದ್ರೆ ರೆಡ್ಡನ್ನೂ ಒಂದು 20 ನಿಮಿಷ ಫ್ರಿಜ್‌ನಲ್ಲಿಡಿ, ಇದನ್ನ ತುಂಬಾ ಜನ ಮಾಡಲ್ಲ ಆದ್ರೆ ವ್ಯತ್ಯಾಸ ನಿಜವಾಗ್ಲೂ ದೊಡ್ಡದು. ಎಳೆ (ಇನ್ನೂ ಹಳೇದಾಗದ) ಗಟ್ಟಿ ರೆಡ್ಡನ್ನ ಒಂದು ಗಂಟೆ ಮೊದಲೇ ಡಿಕ್ಯಾಂಟ್ ಮಾಡಿ, ಅಂದ್ರೆ ಗಾಳಿ ಆಡೋಕೆ ಬೇರೆ ಪಾತ್ರೆಗೆ ಸುರಿದಿಡಿ. ಎಷ್ಟು ಹೊತ್ತು ಬೇಕು ಅನ್ನೋದು ಬಾಟಲ್‌ನಿಂದ ಬಾಟಲ್‌ಗೆ ಬೇರೆ ಆಗುತ್ತೆ, ಮಧ್ಯೆ ಒಂದು ಗುಟುಕು ರುಚಿ ನೋಡಿ. ತುಂಬಾ ಹಳೇ ಬಾಟಲ್ ಆದ್ರೆ ಗ್ಲಾಸಿಗೆ ಹಾಕೋ ಹೊತ್ತಿಗೇ ಮುಚ್ಚಳ ತೆಗೀರಿ.

ಟೇಸ್ಟಿಂಗ್ ಮುಗಿಯೋವರೆಗೂ ಬರೀ ಬ್ರೆಡ್, ನೀರು, ರುಚಿ ನೋಡಿದ ವೈನ್ ಉಗುಳೋಕೆ ಒಂದೊಂದು ಕಪ್. ಬಾಟಲ್‌ಗೆ ಪೇಪರ್ ಸುತ್ತಿ ನಂಬರ್ ಹಾಕಿ, ಎಲ್ಲರೂ ಬರ್ಕೊಂಡಾದ್ಮೇಲೆ ಬಿಚ್ಚಿ, ಆಮೇಲೇ ಊಟ. ಡೆಸರ್ಟ್ ಮಾತ್ರ ವೈನ್‌ಗಿಂತ ಕಮ್ಮಿ ಸಿಹಿ ಇರ್ಲಿ, ಇಲ್ಲಾಂದ್ರೆ ವೈನ್ ಹುಳಿ ಹೊಡಿಯುತ್ತೆ. ವಾಪಸ್ ಹೋಗೋಕೆ ಕ್ಯಾಬ್ ಮೊದಲೇ ಹೇಳಿಡಿ.